ಟೀಚರ್ ವಿಡಿಯೋ, ಮಕ್ಕಳ ವಿಡಿಯೋ, ರೆಡಿ ವಿಡಿಯೋ: ನಿಮ್ಮ ತರಗತಿಗೆ ಯಾವುದು ಸರಿ?

ಪ್ರಾಥಮಿಕ ಶಾಲೆಯ ಶಿಕ್ಷಕ ಗೆಳೆಯರಿಂದ ಪದೇ ಪದೇ ಬರುವ ಪ್ರಶ್ನೆ ಇದು. "ಶಾಲೆಗೆ ಟಿವಿ ಬಂದಿದೆ, ಫೋನ್ ಕೈಯಲ್ಲೇ ಇದೆ. ದೀಕ್ಷಾ ಆ್ಯಪ್‌ನಲ್ಲಿ ಇರೋ ಪಾಠದ ವಿಡಿಯೋಗಳನ್ನೇ ತೋರಿಸಿದ್ರೆ ಸಾಕಾ? ನಾವೇ ವಿಡಿಯೋ ಮಾಡಬೇಕಾ? ಅಥವಾ ಮಕ್ಕಳ ಕೈಲೇ ಮಾಡಿಸೋದು ಒಳ್ಳೇದಾ?" ಮೂರನ್ನೂ ಮಾಡಿ ಅಂತ ಹೇಳಿಬಿಡುವುದು ಸುಲಭ. ಆದರೆ ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ (ಮಕ್ಕಳ ದಾಖಲೆಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ತರಬೇತಿ, ಸಭೆ ಎಲ್ಲ ಮುಗಿದ ಮೇಲೆ ವಾರಕ್ಕೆ ಒಂದೆರಡು ಗಂಟೆ ಉಳಿದರೆ ಅದೇ ಹೆಚ್ಚು. ಆ ಸಮಯವನ್ನು ಯಾವುದಕ್ಕೆ ಕೊಟ್ಟರೆ ಮಕ್ಕಳಿಗೆ ಜಾಸ್ತಿ ಸಿಗುತ್ತದೆ ಎಂದು ಇಲ್ಲಿ ನೋಡೋಣ. ಒಂದರಿಂದ ಐದನೇ ತರಗತಿಯವರೆಗಿನ ನಮ್ಮ ಕನ್ನಡ ಮಾಧ್ಯಮದ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದ್ದು

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ. ಈ ಪಾಠದಲ್ಲಿ ಮಗು ನೋಡಬೇಕಾ, ಹೇಳಬೇಕಾ? ಮಗುವಿಗೆ ಗೊತ್ತಿಲ್ಲದ್ದನ್ನು ಕಣ್ಣಿಗೆ ತೋರಿಸಬೇಕಿದ್ದರೆ ದೊಡ್ಡವರು ಮಾಡಿದ ವಿಡಿಯೋ ಬೇಕು. ಮಗು ತನಗೆ ಅರ್ಥವಾದದ್ದನ್ನು ಬಾಯಿಬಿಟ್ಟು ವಿವರಿಸಬೇಕಿದ್ದರೆ ಮಗುವೇ ಮಾಡಬೇಕು. ಇದನ್ನು ತೀರ್ಮಾನ ಮಾಡಿಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಎರಡನೆಯದು ಆಯಸ್ಸು. ನೀವು ಮಾಡಿದ ವಿಡಿಯೋ ಮುಂದಿನ ವರ್ಷದ ಮಕ್ಕಳಿಗೂ ಬರುತ್ತದೆ. ಹಾಗಾಗಿ ಅದಕ್ಕೆ ಎರಡು ಗಂಟೆ ಹಾಕಿದರೂ ನಷ್ಟವಿಲ್ಲ. ಮಕ್ಕಳ ವಿಡಿಯೋಗೆ ಅಷ್ಟು ಆಯಸ್ಸಿಲ್ಲ, ಇರಬೇಕಾಗಿಯೂ ಇಲ್ಲ. ಅದನ್ನು ಮಾಡುವ ಹೊತ್ತಿನಲ್ಲೇ ಕಲಿಕೆ ನಡೆದುಹೋಗಿರುತ್ತದೆ. ಆದ್ದರಿಂದ ಎರಡನ್ನೂ ಒಂದೇ ಅಳತೆಯಲ್ಲಿ ಅಳೆಯಬೇಡಿ. ನಿಮ್ಮದು ಸ್ಪಷ್ಟವಾಗಿರಬೇಕು. ಮಕ್ಕಳದ್ದು ಅಲ್ಲಾಡಿದರೂ, ಮಧ್ಯೆ ಯಾರೋ ಕೆಮ್ಮಿದರೂ ಪರವಾಗಿಲ್ಲ.

ಮೂರನೆಯದು ನಿಮ್ಮ ಕೋಣೆ. ಕಿಟಕಿಗೆ ಪರದೆ ಇಲ್ಲದ ಕೋಣೆಯಲ್ಲಿ ಪ್ರೊಜೆಕ್ಟರ್ ಹಗಲಲ್ಲಿ ಕಾಣುವುದಿಲ್ಲ. ಟಿವಿ ಕಾಣುತ್ತದೆ, ಆದರೆ ಚಿಕ್ಕ ಟಿವಿಯಲ್ಲಿನ ಅಕ್ಷರ ಹಿಂದೆ ಕೂತ ಮಕ್ಕಳಿಗೆ ಓದಲು ಬರುವುದಿಲ್ಲ. ಕರೆಂಟ್ ಯಾವ ಹೊತ್ತಿಗೆ ಇರುತ್ತದೆ ಎನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ.

ನಾಲ್ಕನೆಯದು, ಮಗುವಿನ ಮುಖ ಮತ್ತು ಧ್ವನಿ ಎಲ್ಲಿಗೆ ಹೋಗುತ್ತದೆ ಅನ್ನುವುದು. ಇದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ನಾವು ತೀರಾ ಹಗುರವಾಗಿ ತಗೊಂಡಿದ್ದೇವೆ.

ರೆಡಿ ಇರುವ ವಿಡಿಯೋ

2017ರಲ್ಲಿ ಶುರುವಾದ ದೀಕ್ಷಾ ಈಗ ಎಲ್ಲರಿಗೂ ಗೊತ್ತು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೋ ತೆರೆದುಕೊಳ್ಳುತ್ತದೆ. ಕ್ಯಾಮೆರಾ ಹಿಡಿಯದಿದ್ದರೆ ಕೋಡಿನ ಕೆಳಗಿರುವ ಆರು ಅಕ್ಷರಗಳನ್ನು ಟೈಪ್ ಮಾಡಿದರೂ ಸಾಕು. ಮನೆಯಲ್ಲಿ ವೈಫೈ ಇದ್ದಾಗ ಆ್ಯಪ್‌ನಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಶಾಲೆಯಲ್ಲಿ ನೆಟ್‌ವರ್ಕ್ ಬೇಕಾಗುವುದಿಲ್ಲ.

ನಾವು ಎಷ್ಟು ಕಷ್ಟಪಟ್ಟರೂ ಮಾಡಲಾಗದ ವಿಡಿಯೋಗಳಿಗೆ ಇದೇ ಸರಿ. ಹೃದಯ ಬಡಿಯುವುದು, ಜ್ವಾಲಾಮುಖಿ, ಭೂಮಿ ಸೂರ್ಯನ ಸುತ್ತ ತಿರುಗುವುದು, ಸಮುದ್ರದ ಆಳ ಇಂಥವನ್ನು ಫೋನಿನಲ್ಲಿ ಹಿಡಿಯಲು ಆಗುವುದಿಲ್ಲ. ಬಳ್ಳಾರಿಯ ಮಗುವಿಗೆ ಕಡಲು, ಕಾರವಾರದ ಮಗುವಿಗೆ ಎರೆಭೂಮಿ ತೋರಿಸುವುದಕ್ಕೂ ಇದೇ ದಾರಿ.

ತೊಂದರೆ ಇರುವುದು ಭಾಷೆ ಮತ್ತು ವೇಗದಲ್ಲಿ. ಬಹಳಷ್ಟು ವಿಡಿಯೋಗಳ ಕನ್ನಡ ಗ್ರಾಂಥಿಕ. ಮಾತು ಓಡುತ್ತದೆ, ಹಿಂದೆ ಸಂಗೀತ ಬೇರೆ. ಕಲಬುರಗಿಯ ಹಳ್ಳಿಯಲ್ಲಿ ಎರಡನೇ ತರಗತಿಯ ಮಗುವಿಗೆ ಆ ಕನ್ನಡ ಅರ್ಧ ಪರಭಾಷೆಯೇ. ಹಾಗಾಗಿ ರೆಡಿ ವಿಡಿಯೋ ಹಾಕುವಾಗ ಧ್ವನಿ ಬಂದ್ ಮಾಡಿ ನೀವೇ ಮಾತಾಡಿ ನೋಡಿ. ಚಿತ್ರ ಅವರದ್ದು, ಮಾತು ನಿಮ್ಮದು. ಖರ್ಚಿಲ್ಲ, ತಯಾರಿಗೆ ಹತ್ತು ನಿಮಿಷ ಸಾಕು.

ಶಿಕ್ಷಕರು ಮಾಡುವ ವಿಡಿಯೋ

ಶಿಕ್ಷಕರ ವಿಡಿಯೋ ಅಂದ ತಕ್ಷಣ ಕ್ಯಾಮೆರಾ ಮುಂದೆ ನಿಂತು ಪಾಠ ಹೇಳುವುದು ನೆನಪಾಗುತ್ತದೆ. ನನ್ನ ಪ್ರಕಾರ ಚಿಕ್ಕ ಮಕ್ಕಳಿಗೆ ಅದು ಅತಿ ಕಡಿಮೆ ಉಪಯೋಗದ ರೀತಿ. ನೀವು ತರಗತಿಯಲ್ಲೇ ಇರುವಾಗ ನಿಮ್ಮ ಮುಖವನ್ನು ಟಿವಿಯಲ್ಲಿ ನೋಡಿ ಅವರಿಗೇನು ಸಿಗುತ್ತದೆ? ನಿಮ್ಮ ಕೈ ಕಾಣಬೇಕು, ಅದು ಮುಖ್ಯ.

ಒಂದು ಉದಾಹರಣೆ ನೋಡಿ. "ಸೂರ್ಯ" ಎಂಬ ಪದ. ಬಾಯಲ್ಲಿ ರ್ ಮೊದಲು ಬರುತ್ತದೆ, ಯ ಆಮೇಲೆ. ಬರೆಯುವಾಗ ಯ ಮೊದಲು, ಅರ್ಕಾವತ್ತು ಆಮೇಲೆ. ಕಿವಿಗೆ ಕೇಳುವ ಕ್ರಮ ಬೇರೆ, ಕೈ ಬರೆಯುವ ಕ್ರಮ ಬೇರೆ. ಮಕ್ಕಳು ಎಡವುವುದು ಇಲ್ಲೇ. ಬೋರ್ಡಿನ ಮೇಲೆ ಬರೆದು ತೋರಿಸುವಾಗ ನಮ್ಮ ಬೆನ್ನೇ ಅಡ್ಡ ಬರುತ್ತದೆ. ಮಗುವಿಗೆ ಕಾಣುವುದು ಬರೆದು ಮುಗಿದ ಅಕ್ಷರ ಮಾತ್ರ, ಬರೆಯುವ ಕೈ ಅಲ್ಲ. ಮೇಲಿನಿಂದ ತೆಗೆದ ಒಂದು ನಿಮಿಷದ ವಿಡಿಯೋದಲ್ಲಿ ಯ ಮೂಡುವುದು, ಕೈ ಸ್ವಲ್ಪ ನಿಲ್ಲುವುದು, ಪಕ್ಕಕ್ಕೆ ಸರಿದು ಅರ್ಕಾವತ್ತು ಎಳೆಯುವುದು ಎಲ್ಲ ಕಾಣುತ್ತದೆ. ಅದನ್ನು ಎಷ್ಟು ಸಲ ಬೇಕಾದರೂ ತಿರುಗಿ ಹಾಕಬಹುದು. ಒತ್ತಕ್ಷರ, ದಶಕ ತಗೊಂಡು ಕಳೆಯುವುದು, ಕೈವಾರ ಹಿಡಿಯುವುದು, ಕಾಗದ ಮಡಚುವುದು ಎಲ್ಲಕ್ಕೂ ಇದೇ ರೀತಿ ಸರಿ ಹೋಗುತ್ತದೆ.

ಇದಕ್ಕೆ ಸ್ಟ್ಯಾಂಡ್ ಕೂಡ ಬೇಡ. ಬೆಂಚಿನ ಮೇಲೆ ಎರಡು ಕಡೆ ಪಠ್ಯಪುಸ್ತಕಗಳನ್ನು ಒಂದರ ಮೇಲೊಂದು ಒಂದಡಿ ಎತ್ತರಕ್ಕೆ ಇಡಿ. ಎರಡಕ್ಕೂ ಸೇರುವಂತೆ ಎರಡು ಉದ್ದ ಸ್ಕೇಲು ಅಥವಾ ಪಟ್ಟಿ ಇಟ್ಟು, ಅದರ ಮೇಲೆ ಫೋನ್ ಮಲಗಿಸಿ. ಕ್ಯಾಮೆರಾ ಎರಡು ಪಟ್ಟಿಗಳ ನಡುವಿನ ಜಾಗದಿಂದ ಕೆಳಗೆ ನೋಡಬೇಕು. ನೀವು ಬಲಗೈಯಲ್ಲಿ ಬರೆಯುವವರಾದರೆ ಕಿಟಕಿ ಎಡಕ್ಕೆ ಬರುವಂತೆ ಕೂರಿ, ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಬಾಲ್‌ಪೆನ್ ಬೇಡ, ದಪ್ಪ ಸ್ಕೆಚ್ ಪೆನ್ ಇರಲಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಧ್ಯೆ ಕರೆ ಬಂದರೆ ಎಲ್ಲ ಹಾಳು.

ಇನ್ನೊಂದು ಸಣ್ಣ ವಿಷಯ. ಕೆಲವು ಫೋನುಗಳು ಜಾಗ ಉಳಿಸಲು ಎಚ್.265 ಎಂಬ ಮಾದರಿಯಲ್ಲಿ ವಿಡಿಯೋ ಉಳಿಸುತ್ತವೆ. ಹಳೆಯ ಟಿವಿಗೆ ಅದು ಓದಲು ಬರುವುದಿಲ್ಲ. ಪೆನ್‌ಡ್ರೈವ್ ಚುಚ್ಚಿದರೆ ಧ್ವನಿ ಮಾತ್ರ ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಚ್.264 ಆರಿಸಿಕೊಂಡು, ಹತ್ತು ಸೆಕೆಂಡಿನ ಒಂದು ತುಣುಕು ತೆಗೆದು, ಶಾಲೆಯ ಟಿವಿಯಲ್ಲಿ ಹಾಕಿ ನೋಡಿದ ಮೇಲೇ ಪೂರ್ತಿ ವಿಡಿಯೋಗೆ ಕೈಹಾಕಿ.

ಉದ್ದದ ಬಗ್ಗೆ: ಅಕ್ಷರಕ್ಕೆ ಒಂದು ನಿಮಿಷ, ಪರಿಕಲ್ಪನೆಗೆ ಮೂರು ನಿಮಿಷ ಸಾಕು. ಮಲ್ಟಿಮೀಡಿಯಾದಿಂದ ಕಲಿಯುವುದು ಹೇಗೆ ಎಂದು ದಶಕಗಳ ಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಹೇಳಿದ ಎರಡು ಮಾತು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತವೆ. ಪಾಠವನ್ನು ತುಂಡು ತುಂಡಾಗಿ ಕೊಡಿ. ಪಾಠಕ್ಕೆ ಸಂಬಂಧವಿಲ್ಲದ ಅಲಂಕಾರ ತೆಗೆಯಿರಿ. ಹಿನ್ನೆಲೆ ಸಂಗೀತ, ಹಾರುವ ಅಕ್ಷರ, ಮಿನುಗುವ ಚೌಕಟ್ಟು ಯಾವುದೂ ಬೇಡ. ಎಡಿಟಿಂಗ್‌ಗೆ ಹೋಗುವ ಸಮಯವೂ ಉಳಿಯುತ್ತದೆ, ಅಲ್ವಾ?

ಹೇಳುವ ಮಾತನ್ನೇ ಪರದೆಯ ಮೇಲೂ ಬರೆಯಬೇಡಿ ಎಂಬುದು ಮೇಯರ್ ಅವರ ಇನ್ನೊಂದು ಸಲಹೆ. ಓದಲು ಬರುವವರಿಗೆ ಅದು ಸರಿ. ಓದು ಕಲಿಯುತ್ತಿರುವ ಮಕ್ಕಳ ವಿಷಯ ಬೇರೆ. ಹಾಡಿನ ಸಾಲನ್ನು ಅದೇ ಭಾಷೆಯಲ್ಲಿ ಪರದೆಯ ಕೆಳಗೆ ತೋರಿಸಿದರೆ ಓದು ಬಲಿಯುತ್ತದೆ ಎಂಬ ಯೋಚನೆಯನ್ನು ಬ್ರಿಜ್ ಕೊಠಾರಿ 1996ರಲ್ಲಿ ಅಹಮದಾಬಾದಿನ ಐಐಎಂನಲ್ಲಿ ಶುರು ಮಾಡಿದರು. ಆಮೇಲೆ ಅದು ಟಿವಿಯ ಸಿನಿಮಾ ಹಾಡುಗಳವರೆಗೂ ಹೋಯಿತು. ಆದ್ದರಿಂದ ಪದ್ಯದ ವಿಡಿಯೋ ಮಾಡುವಾಗ ಸಾಲುಗಳನ್ನು ದೊಡ್ಡದಾಗಿ ಹಾಕಿ, ಹಾಡುವ ಪದದ ಕೆಳಗೆ ಬೆರಳು ಸರಿಸಿ. ವಿಜ್ಞಾನ, ಗಣಿತದಲ್ಲಿ ಚಿತ್ರ ಮತ್ತು ಮಾತು ಸಾಕು.

ಸ್ಲೈಡ್ ಮಾಡಿ ಧ್ವನಿ ಸೇರಿಸುವ ವಿಡಿಯೋ ಹಲವರಿಗೆ ಇಷ್ಟ. ಐದನೇ ತರಗತಿಗೆ ನಕ್ಷೆ ತೋರಿಸಲು ಪರವಾಗಿಲ್ಲ. ಅದಕ್ಕಿಂತ ಚಿಕ್ಕ ತರಗತಿಗಳಿಗೆ ಅದರಿಂದ ಸಿಗುವುದು ಕಡಿಮೆ, ತಗೊಳ್ಳುವ ಸಮಯ ಜಾಸ್ತಿ.

ಮಕ್ಕಳು ಮಾಡುವ ವಿಡಿಯೋ

ನಾಲ್ಕನೇ ತರಗತಿಯಲ್ಲಿ ಭಿನ್ನರಾಶಿ ನಡೆಯುತ್ತಿದೆ ಅಂದುಕೊಳ್ಳಿ. ಒಬ್ಬಳು ಕಾಗದದ ರೊಟ್ಟಿ ಕತ್ತರಿಸಿ "ನಾಲ್ಕು ತುಂಡು ಮಾಡಿದೆ, ಒಂದು ತುಂಡು ಅಂದ್ರೆ ಕಾಲು" ಅಂತ ಫೋನಿನ ಮುಂದೆ ಹೇಳುತ್ತಾಳೆ. ಮಾತು ಸರಿಯಾಗಿದೆ. ನೋಟ್‌ಬುಕ್ಕಿನಲ್ಲಿ ಬರೆದಿದ್ದರೆ ಪೂರ್ತಿ ಅಂಕ ಬೀಳುತ್ತಿತ್ತು. ಆದರೆ ವಿಡಿಯೋದಲ್ಲಿ ನಾಲ್ಕು ತುಂಡುಗಳಲ್ಲಿ ಒಂದು ಅಂಗೈಯಷ್ಟಿದೆ, ಇನ್ನೊಂದು ಬೆರಳಷ್ಟು. ತಿರುಗಿ ಹಾಕಿದಾಗ ಪಕ್ಕದ ಹುಡುಗ "ಅದು ದೊಡ್ಡದಲ್ವಾ, ಅದೂ ಕಾಲೇನಾ?" ಎಂದು ಕೇಳಿದರೆ ಸಾಕು, ಸಮಭಾಗ ಅನ್ನುವ ಮಾತು ಅಲ್ಲಿಂದ ತಾನಾಗಿ ಶುರುವಾಗುತ್ತದೆ. ಮಗುವಿನ ತಲೆಯೊಳಗೆ ಏನಿದೆ ಎಂದು ತೋರಿಸುವುದರಲ್ಲಿ ಮಕ್ಕಳ ವಿಡಿಯೋಗೆ ಸಮನಾದದ್ದಿಲ್ಲ. ಬಾಯಿಪಾಠವಾ, ಅರ್ಥವಾಗಿದೆಯಾ ಅನ್ನುವುದು ಅಲ್ಲಿ ಬಯಲಾಗುತ್ತದೆ.

ಒಂದು, ಎರಡನೇ ತರಗತಿಯವರಿಗೆ ಧ್ವನಿ ಮಾತ್ರ ಸಾಕು. ಚಿತ್ರ ಬಿಡಿಸಿ ಅದರ ಬಗ್ಗೆ ಅರ್ಧ ನಿಮಿಷ ಮಾತಾಡಲಿ, ನೀವು ಚಿತ್ರದ ಫೋಟೋ ತೆಗೆದು ಧ್ವನಿ ಸೇರಿಸಿ. ಮೂರನೇ ತರಗತಿಗೆ ಬಂದರೆ ಕತೆ ಹೇಳಿಸಬಹುದು. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಕತೆಗಳು ಧಾರಾಳವಾಗಿವೆ. ಅವು ಮುಕ್ತ ಪರವಾನಗಿಯಲ್ಲಿ ಇರುವುದರಿಂದ ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿ ಬಳಸಿಕೊಳ್ಳಬಹುದು. ಒಂದೊಂದು ಪುಟ ಒಬ್ಬೊಬ್ಬ ಮಗುವಿಗೆ ಕೊಡಿ. ತನ್ನ ಪುಟ ಚೆನ್ನಾಗಿ ಬರಬೇಕು ಅಂತ ಮಗು ತಾನಾಗಿಯೇ ಮತ್ತೆ ಮತ್ತೆ ಓದುತ್ತದೆ. "ಇನ್ನೊಂದು ಸಲ ಓದು" ಅಂತ ನೀವು ಹೇಳಬೇಕಾಗಿಯೇ ಇಲ್ಲ.

ನಾಲ್ಕು, ಐದನೇ ತರಗತಿಗೆ ಸ್ಟಾಪ್ ಮೋಷನ್ ಬಲು ಇಷ್ಟ. ಮಣ್ಣಿನ ಗೊಂಬೆ, ಬೀಜ, ಬೆಂಕಿಪೊಟ್ಟಣ ಏನಾದರೂ ಸರಿ. ಚೂರು ಸರಿಸು, ಫೋಟೋ ತೆಗೆ, ಮತ್ತೆ ಸರಿಸು. ಆ ಫೋಟೋಗಳನ್ನು ಒಂದರ ಹಿಂದೊಂದು ಓಡಿಸಿದರೆ ವಸ್ತು ತಾನೇ ಚಲಿಸಿದಂತೆ ಕಾಣುತ್ತದೆ. ಸೆಕೆಂಡಿಗೆ ಐದು ಫೋಟೋ ಲೆಕ್ಕದಲ್ಲಿ ಇಪ್ಪತ್ತು ಸೆಕೆಂಡಿಗೆ ನೂರು ಫೋಟೋ ಬೇಕು. ಈ ಲೆಕ್ಕವನ್ನು ಮಕ್ಕಳೇ ಮಾಡಲಿ, ಅದೂ ಗುಣಾಕಾರವೇ. ನೀರಿನ ಚಕ್ರ, ಬೀಜ ಮೊಳೆಯುವುದು, ಗ್ರಹಣ, ಹೀಗೆ ಹಂತ ಹಂತವಾಗಿ ನಡೆಯುವ ವಿಷಯಕ್ಕೆ ಇದು ತಕ್ಕದ್ದು, ಯಾಕೆಂದರೆ ಯಾವುದಾದ ಮೇಲೆ ಯಾವುದು ಅನ್ನುವುದು ಗೊತ್ತಿಲ್ಲದೆ ಒಂದು ಫೋಟೋ ಕೂಡ ಮುಂದಕ್ಕೆ ಹೋಗುವುದಿಲ್ಲ. ಫೋನಿಗೆ ಸ್ಟಾಪ್ ಮೋಷನ್ ಸ್ಟುಡಿಯೋ ಎಂಬ ಆ್ಯಪ್‌ನ ಉಚಿತ ಆವೃತ್ತಿ ಸಾಕು. ಆದರೆ ಸಮಯ ಬೇಡುತ್ತದೆ. ಒಂದು ಗುಂಪಿಗೆ 40 ನಿಮಿಷದ ಎರಡು ಪೀರಿಯಡ್ ಆರಾಮಾಗಿ ಹೋಗುತ್ತದೆ. ವರ್ಷಕ್ಕೆ ಒಂದೆರಡು ಪಾಠಕ್ಕೆ ಇಟ್ಟುಕೊಳ್ಳಿ.

ಸಂದರ್ಶನದ ವಿಡಿಯೋಗೆ ನನ್ನ ಮನಸ್ಸಿನಲ್ಲಿ ವಿಶೇಷ ಜಾಗ ಇದೆ. ಊರಿನ ಹಳೇ ಬಾವಿ, ಬೀಸುಕಲ್ಲು, ಕುಂಬಾರರ ತಿಗುರಿ, ಸಂತೆ ಇವುಗಳ ಬಗ್ಗೆ ಮಕ್ಕಳು ಅಜ್ಜಿ ತಾತಂದಿರನ್ನು ಕೇಳಿ ಬರುವುದು. ಪರಿಸರ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಯಾವ ಸ್ಟುಡಿಯೋದಲ್ಲೂ ತಯಾರಾಗುವುದಿಲ್ಲ. ಮನೆಯಲ್ಲಿ ಲಂಬಾಣಿ, ತುಳು, ಕೊಂಕಣಿ, ಉರ್ದು, ತೆಲುಗು ಮಾತಾಡುವ ಮಕ್ಕಳು ನಮ್ಮ ತರಗತಿಯಲ್ಲಿ ಎಷ್ಟೊಂದು ಜನ ಇದ್ದಾರೆ! ಅವರು ಸಂದರ್ಶನವನ್ನು ಮನೆಮಾತಿನಲ್ಲೇ ಮಾಡಲಿ. ಆಮೇಲೆ ಅಜ್ಜಿ ಏನು ಹೇಳಿದರು ಅಂತ ತರಗತಿಗೆ ಕನ್ನಡದಲ್ಲಿ ಹೇಳಲಿ. ಬಾಯಿ ತೆರೆಯದೆ ಕೂರುವ ಮಗುವಿಗೆ ಅವತ್ತು ಎಲ್ಲರಿಗಿಂತ ಜಾಸ್ತಿ ಗೊತ್ತಿರುತ್ತದೆ.

ನಾಟಕ ಆಡಿಸಿ ವಿಡಿಯೋ ಮಾಡುವುದು ವಾರ್ಷಿಕೋತ್ಸವಕ್ಕೆ ಚೆಂದ. ಪಾಠಕ್ಕಾದರೆ ನಾಟಕ ಆಡಿದರೆ ಸಾಕು, ಕ್ಯಾಮೆರಾ ಬೇಡ.

ಇನ್ನು ಫೋನ್ ಯಾರದ್ದು? ನಿಮ್ಮ ಫೋನಿನಲ್ಲಿ ಬ್ಯಾಂಕ್ ಆ್ಯಪ್, ಓಟಿಪಿ, ಮನೆಯವರ ಫೋಟೋ ಎಲ್ಲ ಇರುತ್ತದೆ. ಸಿಮ್ ಇಲ್ಲದ ಹಳೇ ಫೋನ್ ಒಂದನ್ನು ಶಾಲೆಗೆ ಮೀಸಲಿಡುವುದು ಒಳ್ಳೆಯದು. ಇಲ್ಲದಿದ್ದರೆ ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ ಮಾಡುವ ಸೌಲಭ್ಯ ಇದೆ, ಕ್ಯಾಮೆರಾ ಬಿಟ್ಟು ಬೇರೇನೂ ತೆರೆಯದಂತೆ ಮಾಡಬಹುದು. ಮೂವತ್ತು ಮಕ್ಕಳಿಗೆ ಒಂದೇ ಫೋನ್ ಇದ್ದರೂ ನಡೆಯುತ್ತದೆ. ಒಂದು ಗುಂಪು ತೆಗೆಯುವಾಗ ಉಳಿದವರು ಏನು ಹೇಳಬೇಕು, ಯಾವ ಚಿತ್ರ ಬೇಕು ಅಂತ ಕಾಗದದ ಮೇಲೆ ಬರೆದುಕೊಳ್ಳುತ್ತಿರಲಿ. ನಿಜ ಹೇಳಬೇಕೆಂದರೆ ಕಲಿಕೆ ಹೆಚ್ಚು ಆಗುವುದು ಆ ಕಾಗದದ ಮುಂದೆಯೇ.

ನಲಿ-ಕಲಿ ಇದ್ದರೆ

ಒಂದರಿಂದ ಮೂರರವರೆಗೆ ನಲಿ-ಕಲಿ ನಡೆಸುವವರು ಇದನ್ನು ಗಮನಿಸಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯ ಜೀವಾಳವೇ ಪ್ರತಿ ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುವುದು. ಒಂದು ತಟ್ಟೆಯವರು (ತಟ್ಟೆ ಅಂದರೆ ಮಕ್ಕಳ ಗುಂಪು) ಅಕ್ಷರ ಗುರುತಿಸುತ್ತಿದ್ದರೆ ಇನ್ನೊಂದು ತಟ್ಟೆಯವರು ಕತೆ ಓದುತ್ತಿರುತ್ತಾರೆ. ಅಲ್ಲಿ ದೊಡ್ಡ ಟಿವಿಯಲ್ಲಿ ಒಂದೇ ವಿಡಿಯೋ ಹಾಕಿದರೆ ಏಣಿಯ ಕ್ರಮವೇ ಕೆಡುತ್ತದೆ. ಕೆಲವರಿಗೆ ಗೊತ್ತಿರುವುದು, ಕೆಲವರಿಗೆ ಅರ್ಥವಾಗದ್ದು. ಟಿವಿಯನ್ನು ಹಾಡು, ಕತೆಗೆ ಇಟ್ಟುಕೊಳ್ಳಿ. ಏಣಿಯ ಮೈಲಿಗಲ್ಲುಗಳಿಗೆ, ಅಂದರೆ ಕಲಿಕೆಯ ಹಂತಗಳಿಗೆ, ಒಂದೊಂದು ನಿಮಿಷದ ಕೈಬರಹದ ವಿಡಿಯೋ ಮಾಡಿ ಹಳೇ ಫೋನಿಗೆ ಹಾಕಿ, ಅಗತ್ಯವಿರುವ ಗುಂಪಿಗೆ ಮಾತ್ರ ಕೊಡಿ.

ಕರೆಂಟ್, ಟಿವಿ ಯಾವುದೂ ಇಲ್ಲ ಅನ್ನುವವರಿಗೆ ಆಡಿಯೋ ಇದೆ. ಆಕಾಶವಾಣಿಯ ಚಿನ್ನರ ಚುಕ್ಕಿ, ಕೇಳಿ ಕಲಿ ಕಾರ್ಯಕ್ರಮಗಳು ಬರೀ ಧ್ವನಿಯಿಂದಲೇ ತರಗತಿಯನ್ನು ಹಿಡಿದಿಟ್ಟಿದ್ದು ಹಲವು ಶಿಕ್ಷಕರಿಗೆ ನೆನಪಿರಬಹುದು. ಉಚ್ಚಾರಣೆ, ಗಟ್ಟಿ ಓದು, ಮಹಾಪ್ರಾಣ, ಕತೆ ಇವಕ್ಕೆ ಧ್ವನಿಯೇ ಸಾಕು. ಫೈಲ್ ಚಿಕ್ಕದು, ಕಳಿಸಲು ಸುಲಭ, ಮುಖದ ಚಿಂತೆಯಿಲ್ಲ.

ಮಕ್ಕಳ ಮುಖದ ವಿಷಯ

ಮಕ್ಕಳ ವಿಡಿಯೋವನ್ನು ರೀಲ್ಸ್ ಮಾಡಿ ಹಾಕುವ ಅಭ್ಯಾಸ ಎಲ್ಲ ಕಡೆ ಹಬ್ಬಿದೆ. ತಪ್ಪು ಉಚ್ಚಾರಣೆಗೆ ನಗುವುದು, ಅಳುವ ಮಗುವನ್ನು ತೋರಿಸುವುದು ಇವು ಆ ಮಗುವಿಗೆ ಮಾಡುವ ಅನ್ಯಾಯ. ಆ ಮಗು ಹೈಸ್ಕೂಲಿಗೆ ಹೋದ ಮೇಲೂ ಆ ವಿಡಿಯೋ ಓಡಾಡುತ್ತಿರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದ ಎಲ್ಲರನ್ನೂ ಮಕ್ಕಳೆಂದೇ ನೋಡುತ್ತದೆ ಮತ್ತು ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಕೇಳುತ್ತದೆ. ಕಾಯ್ದೆ ಇರಲಿ ಬಿಡಲಿ, ತಾಯಿತಂದೆಯನ್ನು ಕೇಳುವುದು ನಮ್ಮ ಕರ್ತವ್ಯ.

ವರ್ಷದ ಮೊದಲ ಪೋಷಕರ ಸಭೆಯಲ್ಲೇ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ ಓದಿ ಹೇಳಿ ಸಹಿ ಪಡೆಯಿರಿ. ಬೇಡ ಅಂದವರ ಮಗುವನ್ನು ಹೊರಗಿಡಬೇಡಿ, ಆ ಮಗುವಿಗೆ ಕ್ಯಾಮೆರಾ ಹಿಡಿಯುವ ಕೆಲಸ ಕೊಡಿ. ಕೈ ಮತ್ತು ಚಿತ್ರ ಮಾತ್ರ ಕಾಣುವಂತೆ ತೆಗೆಯುವುದನ್ನೇ ರೂಢಿ ಮಾಡಿಕೊಂಡರೆ ಮುಕ್ಕಾಲು ಪಾಲು ತೊಂದರೆ ಇರುವುದಿಲ್ಲ. ಸಾರ್ವಜನಿಕವಾಗಿ ಹಾಕುವುದಾದರೆ ನಿಮ್ಮ ಕೈಬರಹದ ವಿಡಿಯೋ ಹಾಕಿ, ಬೇರೆ ಶಾಲೆಗೂ ಉಪಯೋಗವಾಗುತ್ತದೆ. ಮಕ್ಕಳದ್ದು ತರಗತಿಯ ಟಿವಿಯಲ್ಲಿ ಮತ್ತು ಪೋಷಕರ ಸಭೆಯಲ್ಲಿ ತೋರಿಸಿದರೆ ಸಾಕು.

ಹಾಗಾದರೆ ಯಾವುದನ್ನು ಆರಿಸಬೇಕು?

ಐದು ತರಗತಿಗೆ ಇಬ್ಬರೇ ಶಿಕ್ಷಕರಿದ್ದರೆ ನಿಮ್ಮ ಕೈಬರಹದ ವಿಡಿಯೋಗೆ ಮೊದಲ ಸ್ಥಾನ. ನೀವು ಒಂದು ಗುಂಪಿನ ಜೊತೆ ಇರುವಾಗ ಇನ್ನೊಂದು ಗುಂಪಿಗೆ ನಿಮ್ಮದೇ ಧ್ವನಿ, ನಿಮ್ಮದೇ ಕೈ ಸಿಗುತ್ತದೆ. ಮಕ್ಕಳ ಸಂಖ್ಯೆ ಜಾಸ್ತಿ ಇದ್ದು, ಯಾರಿಗೆ ಅರ್ಥವಾಗಿದೆ ಎಂದು ತಿಳಿಯದೆ ಒದ್ದಾಡುತ್ತಿದ್ದರೆ ಮಕ್ಕಳ ಒಂದು ನಿಮಿಷದ ವಿವರಣೆಯಿಂದ ಶುರು ಮಾಡಿ. ವಾರಕ್ಕೆ ಒಂದು ಗುಂಪು ಸಾಕು. ಸಮಯವೇ ಇಲ್ಲ ಅನ್ನುವವರು ದೀಕ್ಷಾ ವಿಡಿಯೋಗೆ ಸ್ವಂತ ಮಾತು ಸೇರಿಸಿ. ಹುಣಸೆಬೀಜ, ಕಡ್ಡಿ, ಎಲೆ ಕೈಗೆ ಸಿಗುವಾಗ ಅದರ ವಿಡಿಯೋ ಮಾತ್ರ ಬೇಡ, ಮಗು ಮುಟ್ಟಿ ಎಣಿಸಲಿ.

ದುಡ್ಡು ಇಲ್ಲದಿದ್ದರೆ ಪುಸ್ತಕದ ರಾಶಿ, ಹಳೇ ಫೋನ್, ಕಿಟಕಿಯ ಬೆಳಕು. ಒಂದು ಸಾವಿರ ರೂಪಾಯಿ ಇದ್ದರೆ ಮೊದಲು ವೈರ್ ಇರುವ ಕಾಲರ್ ಮೈಕ್ ತಗೊಳ್ಳಿ, ಉಳಿದರೆ ಟ್ರೈಪಾಡ್. ಚಿತ್ರ ಸ್ವಲ್ಪ ಮಂಕಾದರೂ ಮಕ್ಕಳು ನೋಡುತ್ತಾರೆ, ಮಾತು ಕೇಳದಿದ್ದರೆ ಗಮನ ಹೋಗಿಬಿಡುತ್ತದೆ. ಎಸ್‌ಡಿಎಂಸಿಯವರೋ (ಶಾಲಾಭಿವೃದ್ಧಿ ಸಮಿತಿಯವರು) ದಾನಿಗಳೋ ದೊಡ್ಡ ಮೊತ್ತ ಕೊಡುವುದಾದರೆ ಪ್ರೊಜೆಕ್ಟರ್ ಬದಲು ಟಿವಿ ಕೇಳಿ, ಜೊತೆಗೊಂದು ಒಳ್ಳೆಯ ಸ್ಪೀಕರ್ ಮತ್ತು ಯುಪಿಎಸ್. ಎಡಿಟಿಂಗ್‌ಗೆ ಖರ್ಚು ಬೇಡ. ಕಂಪ್ಯೂಟರ್ ಇದ್ದರೆ ಶಾಟ್‌ಕಟ್ ಅಥವಾ ಓಪನ್‌ಶಾಟ್ ಉಚಿತ. ಇಲ್ಲದಿದ್ದರೆ ಫೋನಿನ ಗ್ಯಾಲರಿಯಲ್ಲೇ ಹಿಂದೆ ಮುಂದೆ ಕತ್ತರಿಸಬಹುದು.

ಉಳಿಸುವಾಗ ಫೈಲಿಗೆ ತರಗತಿ, ವಿಷಯ, ಪಾಠ ಸೇರಿಸಿ ಹೆಸರಿಡಿ: "2 ಕನ್ನಡ ಅರ್ಕಾವತ್ತು" ಎನ್ನುವ ಹಾಗೆ. ಸಹೋದ್ಯೋಗಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ವಿಡಿಯೋ ಆಗಿ ಕಳಿಸಿದರೆ ಅದು ಕುಗ್ಗಿ, ಟಿವಿಯಲ್ಲಿ ಅಕ್ಷರ ಮಸುಕಾಗುತ್ತದೆ. ಒಂದು ಪ್ರತಿಯನ್ನು ಶಾಲೆಯ ಪೆನ್‌ಡ್ರೈವ್‌ನಲ್ಲಿ ಇಟ್ಟುಬಿಡಿ, ನಿಮಗೆ ವರ್ಗಾವಣೆಯಾದರೂ ಮುಂದೆ ಬರುವ ಟೀಚರ್‌ಗೆ ಸಿಗಲಿ.